ಎಡ ಹೆಗಲಿನ ಬಕಲು

ಹನ್ನೊಂದು ವರ್ಷ ಕಂಡವರ ಜಾಕೀಟು ತೊಳೆದಿದ್ದೇನೆ
ಬೊಗ್ಮಾಳೋ ದಂಡೆಯ ಈ ಅಂಗಡಿಯ ಹಿಂದೆ;
ಸಿಹಿನೀರಿನ ಡ್ರಮ್ಮಿನಲ್ಲಿ ಅದ್ದಿ, ತಲೆಕೆಳಗು ಮಾಡಿ,
ಹೊಟ್ಟೆಯೊಳಗಿನ ಉಪ್ಪುನೀರು ಕಕ್ಕಿಸಿ
ನೆರಳಲ್ಲಿ ತೂಗುಹಾಕಿದ್ದೇನೆ,
ದಿಲ್ಲಿಯವರದು, ಸೂರತ್ತಿನವರದು, ಮಧುಚಂದ್ರಕ್ಕೆ ಬಂದವರದು.
ಅವುಗಳ ಗುಣ ನನಗೆ ಗೊತ್ತು:
ಜೇಬು ಜಾಸ್ತಿ, ಜೇಬಿನಲ್ಲಿ ಮರಳು ಅದಕ್ಕೂ ಜಾಸ್ತಿ.
ಗಾಳಿ ತುಂಬಿದರೆ ಪಕ್ಕೆಲುಬು ಹಿಂಡುತ್ತವೆ
ಮದುವೆಮನೆಯಲ್ಲಿ ಸಿಕ್ಕಿದ ದೂರದ ನೆಂಟರ ಹಾಗೆ.

ಜೂನಿನಲ್ಲಿ ದೋಣಿ ದಡಕ್ಕೆಳೆದು ಟಾರ್ಪಾಲು ಹೊದಿಸಿದ ದಿನ
ಎವರಿಸ್ಟೊ ಹೇಳಿದ: ತುಳಜಾ, ಅಕ್ಟೋಬರಿಂದ ನೀನೂ ಗೈಡು.
ನಿನ್ನ ಸಾಮಾನು ನೀನೇ ಆರಿಸಿಕೊ.

ಮೇಜಿನ ಮೇಲೆ ಉಕ್ಕಿನ ಹಲಗೆ ಇಟ್ಟ.
ಮೂರು ಕಿಲೋಗೆ ಚೂರು ಕಮ್ಮಿ.
ಪಕ್ಕದಲ್ಲಿ ಸುರುಳಿ ಸುತ್ತಿದ ಕರಿ ಪಟ್ಟಿ, ಎರಡಿಂಚು ಅಗಲ.
ಒಂದೇ ಪಟ್ಟಿ, ಅಂದ,
ಸೊಂಟದಿಂದ ಹೆಗಲಿಗೆ, ಬೆನ್ನ ಹಿಂದೆ ಹಾದು
ಇನ್ನೊಂದು ಹೆಗಲಿಗೆ, ಮತ್ತೆ ಸೊಂಟಕ್ಕೆ.
ಎಲ್ಲೂ ಕತ್ತರಿ ಇಲ್ಲ, ಹೊಲಿಗೆ ಇಲ್ಲ, ಬಕಲು ನಡುವಿಗೊಂದೇ.
ಇಲ್ಲದ್ದು ಮುರಿಯುವುದಿಲ್ಲ.
ಈ ಕಡೆಯ ಮಾತನ್ನು ಅವನು
ಇಗರ್ಜಿಯಲ್ಲಿ ನಿಂತವನಂತೆ ಕಣ್ಣು ಅರೆಮುಚ್ಚಿ ಹೇಳುತ್ತಾನೆ.

ಪಟ್ಟಿ ನೀರಲ್ಲಿ ನೆನೆಸಿ ಮೆತ್ತಗೆ ಮಾಡಿದೆ. ಪೋಣಿಸಿದೆ.
ಹೆಗಲ ಕೆಳಗೆ ನಾಲ್ಕು ಬೆರಳು ಆಡಬೇಕು,
ಎದೆಯ ಉಂಗುರ ಹೆಬ್ಬೆರಳಿಗೆ ಸಿಗಬೇಕು,
ಎರಡೂ ಸರಿಹೋದವು.
ಬಲಗೈ ತೂರಿತು.
ಎಡಗೈ ತೂರಲಿಲ್ಲ.

ಎಡ ಹೆಗಲಿನ ಕಥೆ ಸಣ್ಣದು.
ತುಂಬಿದ ಸಿಲಿಂಡರು ಜಾರಿತು, ಹಿಡಿಯಹೋದೆ,
ಅದೇ ನನ್ನನ್ನು ಹಿಡಿಯಿತು.
ಆರು ವಾರ ಚಿಕಲಿಮ್ ಆಸ್ಪತ್ರೆಗೆ ಓಡಾಟ.
ಅಂದಿನಿಂದ ಆ ಕೈ ಹಿಂದಕ್ಕೆ ಹೋಗೆಂದರೆ ಹೋಗದು,
ಅಟ್ಟದ ಡಬ್ಬಿಗೆ ಬಲಗೈಯನ್ನೇ ಕಳಿಸುತ್ತೇನೆ.

ಹಾಗಾದರೆ ಜಾಕೀಟೇ ತಗೊ, ಅಂದ ಎವರಿಸ್ಟೊ,
ಸತ್ತವರ ಮನೆಯಲ್ಲಿ ಮಾತಾಡುವ ದನಿಯಲ್ಲಿ.

ರಾತ್ರಿ ಬೈನಾದ ಕೋಣೆಯಲ್ಲಿ ಅವ್ವ
ಹೆಸರುಕಾಳು ಆರಿಸುತ್ತ ಕೇಳಿದಳು, ಕೇಳಿ ನಕ್ಕಳು.
ಆ ಆರು ವಾರ ನಿನಗ ಕುಪ್ಪಸ ತೊಡಿಸಿದಾಕಿ ಯಾರ?
ನೋವಿನ ಕೈ ಮದ್ಲ ಹಾಕ್ಬೇಕು, ಕಡೀಕ ತಗೀಬೇಕು.
ಇಷ್ಟೂ ಕಲಿಸಲಿಲ್ಲೇನ ನಿಮ್ಮ ಸಾಹೇಬ?

ಮರುದಿನ ಹೋಟೆಲಿನ ಈಜುಕೊಳ.
ಎಡಗೈ ಮೊದಲು: ಹೋಯಿತು!
ನೀರಿನಲ್ಲಿ ಬಿಚ್ಚುವಾಗ ಮಾತ್ರ
ಇಡೀ ಭಾರ ಮೊಣಕೈಗೆ ಜೋತು
ಹಳೆಯ ನೋವನ್ನು ಹೆಸರು ಹಿಡಿದು ಕರೆಯಿತು.
ಕೊಳದಲ್ಲೇ ಹೀಗೆ. ಅಲೆಯಲ್ಲಿ, ಏಣಿಯ ಪಕ್ಕ?

ಕತ್ತರಿ ನಾನೇ ಹಾಕಿದೆ, ಎಡಕ್ಕೆ ಮಾತ್ರ.
ತುದಿಗಳನ್ನು ಮೇಣದ ಬತ್ತಿಗೆ ಹಿಡಿದು ಕರಗಿಸಿ ಮುಚ್ಚಿದೆ,
ಸುಟ್ಟ ನೈಲಾನಿನ ವಾಸನೆ ಅಂಗಡಿ ತುಂಬ.
ಹಳೆಯ ಜಾಕೀಟೊಂದರ ಬಕಲು ಬಿಚ್ಚಿ
ಅಲ್ಲಿಗೆ ಕೂರಿಸಿದೆ.
ಎವರಿಸ್ಟೊ ಕಂಪ್ರೆಸರಿನ ಎಣ್ಣೆ ನೋಡುವವನಂತೆ
ಬೆನ್ನು ತಿರುಗಿಸಿ ಕೂತಿದ್ದ.
ಆ ಮೇಲೆ ಬಂದು, ಜಗ್ಗಿ ನೋಡಿ, ಮತ್ತೊಮ್ಮೆ ಜಗ್ಗಿ:
ಇಂಥದ್ದು ಯಾವ ಕಂಪನಿಯೂ ಮಾಡುವುದಿಲ್ಲ.
ನನ್ನಂಥ ಹೆಗಲನ್ನೂ ಯಾವ ಕಂಪನಿ ಮಾಡಿದೆ, ಎಂದೆ.

ಅಕ್ಟೋಬರು. ಗ್ರಾಂಡೆ ದ್ವೀಪದ ಬಗ್ಗಡ ಹಸಿರು ನೀರು,
ಚಾಚಿದ ಕೈ ಅಷ್ಟಷ್ಟೇ ಕಾಣುವಷ್ಟು.
ಹಲಗೆ ಬೆನ್ನಿಗೆ ಅಂಟಿ ಕೂತಿದೆ, ಪಕ್ಕೆಲುಬು ನನ್ನವೇ.
ಹನ್ನೆರಡು ಮೀಟರಿನಲ್ಲಿ ಇಂದೋರಿನ ಹುಡುಗನೊಬ್ಬ
ನನ್ನ ಒಂಟಿ ಬಕಲಿಗೆ ಬೆರಳು ತೋರಿಸಿ
ಕಣ್ಣಲ್ಲೇ ಕೇಳಿದ, ಏನಿದು?
ಬಾಯಿ ತುಂಬ ರಬ್ಬರು. ಏನು ಹೇಳಲಿ?
ಎಲ್ಲ ಸರಿಯಿದೆ ಎಂದು ಬೆರಳು ಕೂಡಿಸಿ ತೋರಿಸಿದೆ.

ಮಿಕ್ಕ ಗೇಣುದ್ದ ಪಟ್ಟಿಯನ್ನು ಅವ್ವ ಇಸಿದುಕೊಂಡಳು.
ಅದೀಗ ನಮ್ಮ ನೀರಿನ ಕ್ಯಾನಿನ ಹಿಡಿಕೆ.